ಜಿ.ಎಸ್. ಗವಿಸಿದ್ದೇಶರ ಉಪವಾಸ

ಬಳ್ಳಾರಿಯ ಪಾರ್ವತಿನಗರದಲ್ಲಿ ಗವಿಸಿದ್ದೇಶರ ಮನೆ ಎಲ್ಲಿ ಎಂದು ಕೇಳಿದರೆ ಆಟೊದವರು ತಲೆ ಕೆರೆದುಕೊಳ್ಳುತ್ತಾರೆ. ಜಿ.ಎಸ್. ಮನೆ ಎಂದರೆ ಸೀದಾ ಬಾಗಿಲಿಗೇ ತಂದು ಇಳಿಸುತ್ತಾರೆ. ಅದು ಅವರ ಇನಿಷಿಯಲ್ ಅಲ್ಲ. ಕಾಲೇಜು ಓದುವಾಗ ಅವರು ಹಾಸ್ಟೆಲ್ಲಿನ ಜನರಲ್ ಸೆಕ್ರೆಟರಿ ಆಗಿದ್ದರು, ಅದೂ ಒಂದೇ ವರ್ಷ. ಆಮೇಲೆ ಓದು ಮುಗಿಯಿತು, ಮದುವೆಯಾಯಿತು, ಬೀಜ-ಗೊಬ್ಬರದ ಅಂಗಡಿಯಾಯಿತು, ತಲೆಗೂದಲು ಉದುರಿತು. ಜಿ.ಎಸ್. ಮಾತ್ರ ಉದುರಲಿಲ್ಲ. ಕುರುಗೋಡಿನಲ್ಲಿರುವ ಹೆತ್ತತಾಯಿ ಕೊಟ್ರಬಸಮ್ಮ ಕೂಡ ಸೊಸೆಗೆ ಫೋನ್ ಮಾಡಿದರೆ ಜಿಯೆಸ್ಸು ಉಂಡಾನೇನು ಎಂದೇ ವಿಚಾರಿಸುತ್ತಾರೆ.

ಈ ದೊಡ್ಡಸ್ತಿಕೆಗೆಲ್ಲ ಆಧಾರ ಒಂದು ಉಪವಾಸ. ಹಾಸ್ಟೆಲ್ಲಿನ ಅನ್ನದಲ್ಲಿ ಹುಳ ಕಂಡಾಗ ಜಿ.ಎಸ್. ಹುಡುಗರನ್ನೆಲ್ಲ ಮೆಟ್ಟಿಲ ಮೇಲೆ ಕೂಡಿಸಿ ಮೂರು ದಿನ ಉಪವಾಸ ನಡೆಸಿದ್ದರು. ಕೊನೆಗೆ ಹೊಸ ಅಕ್ಕಿ ಬಂತು. ಈ ಕಥೆ ಕೇಳಿಯೇ ಸಿರುಗುಪ್ಪದ ಮಾವ ಮಗಳು ಶೈಲಜಾಳನ್ನು ಧಾರೆಯೆರೆದದ್ದು. ಊರ ಹುಡುಗರ ಹೊಟ್ಟೆಗಾಗಿ ತನ್ನ ಹೊಟ್ಟೆ ಕಟ್ಟಿದವನು ಕಟ್ಟಿಕೊಂಡವಳ ಹೊಟ್ಟೆ ಉರಿಸಲಾರ ಎಂಬುದು ಅವರ ತರ್ಕ. ಶೈಲಜಾ ಕೂಡ ಹಾಗೇ ನಂಬಿದ್ದಳು. ಗಂಡನ ಗೊರಕೆ, ಬಡಾಯಿ, ಮನೆಗೆಲಸ ಎಂದರೆ ಮೈಮುರಿಯುವ ಸೋಮಾರಿತನ, ಎಲ್ಲವನ್ನೂ ಆ ಮೂರು ದಿನದ ಮುಖ ನೋಡಿ ಮಾಫಿ ಮಾಡಿದ್ದಳು.

ಹೀಗಿರುವಾಗ ಊರಿನಲ್ಲಿ ‘ವಿದ್ಯಾರ್ಥಿ ನಾಯಕ ಭೂಷಣ ಬಳಗ’ ಹುಟ್ಟಿಕೊಂಡಿತು. ಒಂದು ಕಾಲದಲ್ಲಿ ಕಾಲೇಜು ಯೂನಿಯನ್ನು, ಹಾಸ್ಟೆಲ್ಲು, ಗಣೇಶನ ಕಮಿಟಿ ಎಂದು ಮೆರೆದು, ಈಗ ಮನೆಯವರೂ ಮಾತು ಕೇಳದಂತಾದ ಮಾಜಿಗಳೆಲ್ಲ ಒಂದೆಡೆ ಸೇರಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುವ ವ್ಯವಸ್ಥೆ ಅದು. ವಕೀಲ ದೊಡ್ಡಬಸಪ್ಪ ಅದರ ಅಧ್ಯಕ್ಷರು. ಬಳಗಕ್ಕೆ ಸೇರಿಸಿಕೊಳ್ಳಿ ಎಂದು ಯಾರೂ ಕೇಳುವ ಹಾಗಿಲ್ಲ, ಅವರಾಗಿಯೇ ಕರೆಯಬೇಕು. ಆದ್ದರಿಂದ ಗವಿಸಿದ್ದೇಶರು ಕೇಳಲಿಲ್ಲ. ದೊಡ್ಡಬಸಪ್ಪನವರ ತೋಟಕ್ಕೆ ಗೊಬ್ಬರ ಕಳಿಸಿದರು, ಹುಟ್ಟುಹಬ್ಬಕ್ಕೆ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದರು, ಎದುರು ಸಿಕ್ಕಾಗಲೆಲ್ಲ ಕೇಳದೆ ಸುಮ್ಮನೆ ನಿಂತರು. ಕರೆ ಬಂತು.

ಕರೆಯ ಜೊತೆಗೆ ಒಂದು ಕಟ್ಟಳೆಯೂ ಬಂತು. ನಾಯಕನಾಗಿದ್ದೆ ಎಂದು ನಾಯಕನೇ ಹೇಳಿಕೊಂಡರೆ ನಡೆಯುವುದಿಲ್ಲ. ಅವನ ಹಿಂದೆ ನಡೆದ ಒಬ್ಬನಾದರೂ ತುಂಬಿದ ಸಭೆಯಲ್ಲಿ ಎದ್ದು ನಿಂತು, ಹೌದು, ಇವರು ನಮ್ಮ ನಾಯಕರು ಎಂದು ನಾಲ್ಕು ಮಾತಾಡಬೇಕು. ಆಮೇಲೇ ಶಾಲು. ದೊಡ್ಡಬಸಪ್ಪನವರ ಪರವಾಗಿ ಅವರ ಕಾರಿನ ಡ್ರೈವರ್ ಮಾತಾಡಿದ್ದ. ಇನ್ನೊಬ್ಬರಿಗೆ ಅವರ ಖಾಸಾ ಭಾವಮೈದುನನೇ ಅನುಯಾಯಿ.

ಇಲ್ಲಿಗೆ ಗವಿಸಿದ್ದೇಶರ ನಿದ್ದೆ ಹಾರಿತು. ಯಾಕೆಂದರೆ ಆ ಮೂರು ದಿನ ಅವರು ಉಪವಾಸ ಇರಲೇ ಇಲ್ಲ. ಮಾತುಕತೆಯ ನೆವ ಹೇಳಿ ಹಿತ್ತಲ ಬಾಗಿಲಿನಿಂದ ವಾರ್ಡನ್ ಮನೆ ಹೊಕ್ಕು, ಎರಡೂ ಹೊತ್ತು ರೊಟ್ಟಿ ಮುರಿದು, ಬಾಯಿ ಒರೆಸಿಕೊಂಡು ಬಂದು ಮೆಟ್ಟಿಲ ಮೇಲೆ ಬಾಡಿದ ಮುಖ ಮಾಡಿ ಕೂರುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಗಾದೆ ಕಟ್ಟಿದವರು ಇವರನ್ನು ನೋಡಿಯೇ ಕಟ್ಟಿರಬೇಕು. ಸಭೆಯಲ್ಲಿ ಯಾರಾದರೂ ಇದನ್ನು ಬಾಯಿಬಿಟ್ಟರೆ ಶಾಲೂ ಹೋಯಿತು, ಮನೆಯಲ್ಲಿ ಇದ್ದ ಮರ್ಯಾದೆಯೂ ಹೋಯಿತು.

ಮೊದಲು ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮ್ಯಾನೇಜರನಾಗಿದ್ದ ಹಳೆಯ ರೂಮ್‌ಮೇಟ್ ಹೊನ್ನೂರಸ್ವಾಮಿಯ ಹತ್ತಿರ ಹೋದರು. ಹೊನ್ನೂರಸ್ವಾಮಿ ಬೂಸ್ಟ್ ಕುಡಿಸಿ, ಉಪವಾಸ ಶುರುವಾದ ದಿನವೇ ತಾನು ಹೊಟ್ಟೆನೋವೆಂದು ಊರಿಗೆ ಹೋಗಿದ್ದೆನೆಂದೂ, ಸಭೆಯಲ್ಲಿ ಸುಳ್ಳು ಹೇಳಿದರೆ ನಾಲಗೆ ತೊದಲುತ್ತದೆಂದೂ ಹೇಳಿ ಕೈಮುಗಿದ. ಮಿಕ್ಕ ಹುಡುಗರೆಲ್ಲ ಎಲ್ಲೆಲ್ಲೋ ಚದುರಿದ್ದರು, ಕೈಗೆ ಸಿಗುವಂತೆ ಉಳಿದವನು ರಾರಾವಿಯ ಮೈಲಾರಪ್ಪ ಒಬ್ಬನೇ.

ಮೈಲಾರಪ್ಪನ ಹೆಸರು ಬಂದರೇ ಗವಿಸಿದ್ದೇಶರು ಮಾತು ಬೇರೆಡೆ ತಿರುಗಿಸುತ್ತಿದ್ದರು. ಆಗಿನ್ನೂ ಮೊದಲ ವರ್ಷದ ಹುಡುಗ ಅವನು. ಅವರು ಒಳಗೆ ಉಣ್ಣುವಾಗ ಹಿತ್ತಲ ಬಾಗಿಲಲ್ಲಿ ಕಾವಲು ನಿಂತವನೇ ಅವನು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಉಪವಾಸದ ಕೊನೆಯ ದಿನ, ತನ್ನ ಮುಖ ಉಳಿಯಲು ಒಬ್ಬನನ್ನಾದರೂ ಹೊರಹಾಕಬೇಕು, ಹೆಸರು ಕೊಡು ಎಂದು ವಾರ್ಡನ್ ಕೇಳಿದಾಗ, ಇವರು ಊಟದ ಋಣಕ್ಕೆ ಮೈಲಾರಪ್ಪನ ಹೆಸರನ್ನೇ ಕೊಟ್ಟಿದ್ದರು. ಹುಡುಗ ಟ್ರಂಕು ಹೊತ್ತು ಊರಿಗೆ ಹೋದವನು ಮತ್ತೆ ಕಾಲೇಜಿನ ಮುಖ ನೋಡಲಿಲ್ಲ. ಹೆಸರು ಕೊಟ್ಟದ್ದು ಯಾರೆಂದು ಅವನಿಗೆ ಗೊತ್ತಿಲ್ಲ ಎಂಬುದೊಂದೇ ಗವಿಸಿದ್ದೇಶರ ಸಮಾಧಾನ.

ರಾರಾವಿಯಲ್ಲಿ ಮೈಲಾರಪ್ಪ ಗದ್ದೆಯ ಬದುವಿನ ಮೇಲೆ ನಿಂತು ಭತ್ತ ಕೊಯ್ಯುವ ಯಂತ್ರದವನಿಗೆ ದಾರಿ ತೋರಿಸುತ್ತಿದ್ದ. ತುಂಗಭದ್ರೆಯ ನೀರುಂಡ ಹೊಲ, ಆರಾಮದ ಸಂಸಾರ, ಮೈಕೈ ತುಂಬಿಕೊಂಡ ಆಳು. ಗವಿಯಣ್ಣ ಎಂದು ಪ್ರೀತಿಯಿಂದಲೇ ಕರೆದು, ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟ. ಗವಿಸಿದ್ದೇಶರು ಬಂದ ಕೆಲಸ ಹೇಳಿ, ಸಭೆಯಲ್ಲಿ ಏನೇನು ಆಡಬೇಕೆಂಬುದನ್ನೂ ಬಿಡಿಸಿ ಬಿಡಿಸಿ ಪಾಠ ಮಾಡಿದರು. ತ್ಯಾಗ ಎನ್ನುವ ಮಾತು ಬಂದರೆ ಚೆನ್ನ ಎಂದರು.

“ಆತಣ್ಣ, ಬರ್ತೀನಿ,” ಎಂದ ಮೈಲಾರಪ್ಪ. “ನಾ ಕಂಡಿದ್ದು ಹೇಳ್ತೀನಿ.”

ಬಸ್ಸಿನ ದಾರಿಯುದ್ದಕ್ಕೂ ಆ ಮಾತು ಗವಿಸಿದ್ದೇಶರನ್ನು ಚುಚ್ಚಿತು. ಬೇಡ ಎನ್ನೋಣವೆಂದರೆ ಬೇರೆ ಅನುಯಾಯಿ ಇಲ್ಲ. ಬಿಟ್ಟುಬಿಡೋಣವೆಂದರೆ ಶಾಲಿನ ಆಸೆ ಬಿಡುತ್ತಿಲ್ಲ.

ಸಮಾರಂಭ ಊರಿನ ಒಂದು ಕಲ್ಯಾಣ ಮಂಟಪದಲ್ಲಿ. ಶೈಲಜಾ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ಎಷ್ಟು ಮಂದಿ ನಾಯಕರೆಂದರೆ ಕೆಳಗೆ ಕೂತವರಿಗಿಂತ ಅವರೇ ಹೆಚ್ಚು. ಮೈಲಾರಪ್ಪ ಬಿಳಿ ಅಂಗಿ ತೊಟ್ಟು ಬಂದು ಮೈಕಿನ ಮುಂದೆ ನಿಂತ.

“ಗವಿಯಣ್ಣ ನಮ್ಮ ನಾಯಕ, ಅದರಾಗ ಎರಡು ಮಾತಿಲ್ಲ. ಉಪವಾಸ ಕುಂದರ್ರಿ ಅಂದ, ಕುಂತ್ವಿ. ತಾನು ಮಾತುಕತಿಗೆ ಅಂತ ಹಿತ್ತಲ ಬಾಗ್ಲದಿಂದ ವಾರ್ಡನ್ ಮನಿಗೆ ಹೋಗಿ ಉಂಡು ಬರ್ತಿದ್ದ. ಯಾರರ ಬಂದ್ರ ಕೆಮ್ಮು ಅಂತ ನನ್ನ ಬಾಗ್ಲದಾಗ ನಿಂದರಿಸ್ತಿದ್ದ. ಹಸದ ಹೊಟ್ಟಿ, ಒಳಗಿಂದ ಎಣ್ಣಿಗಾಯಿ ವಾಸನಿ. ಕಡಿಗೆ ವಾರ್ಡನ್, ಒಬ್ಬನ್ನ ಹೊರಗ ಹಾಕಬೇಕು, ಹೆಸರು ಹೇಳು ಅಂದ. ಅಣ್ಣ ನನ್ನ ಹೆಸರು ಹೇಳಿದ. ನಾನು ಬಾಗ್ಲದಾಗೇ ಇದ್ನಲ್ಲ, ಕೇಳಿಸ್ತು. ಇಷ್ಟು ನಾ ಕಂಡಿದ್ದು.”

ಗವಿಸಿದ್ದೇಶರು ತಲೆ ಎತ್ತಲಿಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವರಿಗೆ.

ಅಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು. ನೋಡಿದರೆ ದೊಡ್ಡಬಸಪ್ಪನವರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಕೊನೆಗೆ ಇಡೀ ವೇದಿಕೆ. ದೊಡ್ಡಬಸಪ್ಪನವರು ಎದ್ದು ಮೈಕು ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಮುಂದಾಳೇ ಹಸಿದು ಮೂರ್ಛಿ ಬಿದ್ದಿದ್ರ ಹೋರಾಟ ಯಾರು ನಡಸ್ತಿದ್ರು? ಒಬ್ಬನ್ನ ಬಿಟ್ಟುಕೊಟ್ಟು ಹಾಸ್ಟೆಲ್ಲಿಗೆ ಹಾಸ್ಟೆಲ್ಲನ್ನ ಉಳಿಸ್ಯಾರ. ಇದಕ್ಕ ನಾಯಕತ್ವ ಅಂತಾರ.”

ಇಷ್ಟು ಪ್ರಾಮಾಣಿಕವಾದ ಅನುಯಾಯಿ ತಮಗೂ ಸಿಗಲಿಲ್ಲವಲ್ಲ ಎಂದು ಅವರು ಮರುಗಿದರು. ಪಕ್ಕದಲ್ಲಿದ್ದ ಮಾಜಿ ಯೂನಿಯನ್ ಕಾರ್ಯದರ್ಶಿ ಗವಿಸಿದ್ದೇಶರ ತೊಡೆ ತಟ್ಟಿ, ತನ್ನ ಕಾಲದ ಉಪವಾಸಕ್ಕೆ ಪಿ.ಟಿ. ಮೇಷ್ಟರ ಮನೆಯಿಂದ ಉಪ್ಪಿಟ್ಟು ಬರುತ್ತಿತ್ತೆಂದು ಪಿಸುಗುಟ್ಟಿದ. ಅವನಾಚೆ ಕೂತವನು ಒಬ್ಬನದಲ್ಲ, ಇಬ್ಬರ ಹೆಸರು ಕೊಟ್ಟಿದ್ದನಂತೆ. ಅವಿರೋಧವಾಗಿ ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಎದೆಯ ಮೇಲಿನ ಬಂಡೆ ಇಳಿದು ಗವಿಸಿದ್ದೇಶರು ಹಗುರಾಗಿ ಊದಿಕೊಂಡರು. ಇಷ್ಟು ವರ್ಷ ಸುಮ್ಮನೆ ಹೆದರಿದೆನಲ್ಲ, ಮೊದಲೇ ಹೇಳಿಕೊಂಡಿದ್ದರೆ ಇನ್ನೂ ಮುಂಚೆಯೇ ಭೂಷಣನಾಗುತ್ತಿದ್ದೆನೇನೋ ಎಂದುಕೊಂಡರು. ಮೈಲಾರಪ್ಪ ಮಾತ್ರ ಚಪ್ಪಾಳೆ ಹೊಡೆಯುವವರ ಮುಖಗಳನ್ನು ಒಂದೊಂದಾಗಿ ನೋಡಿ, ಮೆಲ್ಲಗೆ ವೇದಿಕೆ ಇಳಿದ.

ಊಟಕ್ಕೆ ನಾಯಕರಿಗೂ ಅವರ ಶ್ರೀಮತಿಯರಿಗೂ ಬಿಳಿ ಬಟ್ಟೆ ಹಾಸಿದ ಮೇಜು, ಉಳಿದವರಿಗೆ ನೆಲದ ಮೇಲೆ ಪಂಕ್ತಿ. ಗವಿಸಿದ್ದೇಶರು ಪೇಟ ಸರಿಮಾಡಿಕೊಂಡು ಪಕ್ಕದ ಕುರ್ಚಿ ಹಿಡಿದು ಕಾದರು. ಶೈಲಜಾ ಬರಲಿಲ್ಲ. ಎದ್ದು ಹುಡುಕಿದರೆ ಆಕೆ ನೆಲದ ಪಂಕ್ತಿಯ ಕೊನೆಯಲ್ಲಿ, ಮೈಲಾರಪ್ಪನ ಪಕ್ಕದಲ್ಲಿ ಎಲೆಯ ಮುಂದೆ ಕೂತಿದ್ದಳು. ಎಲ್ಲರೂ ನೋಡುತ್ತಿದ್ದಾರೆ, ಎದ್ದು ಬಾ ಎಂದು ಅವರು ಬಗ್ಗಿ ತಗ್ಗಿದ ದನಿಯಲ್ಲಿ ಬೇಡಿಕೊಂಡರು. ಆಕೆ ಹೋಳಿಗೆ ತಂದವನಿಗೆ ಮೈಲಾರಪ್ಪನ ಎಲೆ ತೋರಿಸಿ, ಮೊದಲು ಇವರಿಗೆ ಬಡಿಸು ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ನೀವು ಹೋಗ್ರಿ, ನಿಮ್ಮ ನಾಯಕರ ಕೂಡ ಉಣ್ರಿ. ನಾನು ಇಲ್ಲೇ, ಅವತ್ತು ಹಸದೋರ ಪಂಕ್ತಿಯಾಗ ಉಣ್ತೀನಿ.”