ಐದು ಮಹಡಿಯಷ್ಟು ಹಾಡು

ನಮ್ಮನೆಯವರು ಲಿಫ್ಟ್ ನಡೆಸುವವರು. ಐದು ಮಹಡಿಯ ಹಳೇ ಕಟ್ಟಡ, ಅದರ ನಡುವೆ ನಾಲ್ಕಡಿ ಅಗಲದ ಪೆಟ್ಟಿಗೆ, ಪೆಟ್ಟಿಗೆಯೊಳಗೊಂದು ಸ್ಟೂಲು, ಆ ಸ್ಟೂಲಿನ ಮೇಲೆ ಇಪ್ಪತ್ತಾರು ವರ್ಷದಿಂದ ಇವರು. ಗುಂಡಿ ಒತ್ತುವುದು, ಕಬ್ಬಿಣದ ಜಾಲರಿ ಬಾಗಿಲು ಎಳೆಯುವುದು, ಮತ್ತೆ ತೆಗೆಯುವುದು. ಊಟವೂ ಅಲ್ಲೇ. ಡಬ್ಬಿ ಬಿಚ್ಚಿ ಎರಡು ತುತ್ತು ಬಾಯಿಗಿಡುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಯಾರಿಗೋ ಎರಡನೇ ಮಹಡಿಗೆ ಅರ್ಜೆಂಟು. ಎರಡನೇ ಮಹಡಿಗೆ! ಮೆಟ್ಟಿಲು ಹತ್ತಿದರೆ ಅವರ ಕಾಲೇನು ಸವೆದುಹೋಗುತ್ತದೆಯೇ? ನೆನೆಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವರು ಮಾತ್ರ ತುಟಿ ಪಿಟಕ್ಕೆನ್ನುವವರಲ್ಲ. ಒಂದೇ ಒಂದು ಸಲ ಹೇಳಿದ್ದರು, "ಅಲ್ಲಿ ಗಾಳೀನೂ ನಿನ್ನೇದೇ ಇರುತ್ತೆ ಕಣೇ" ಅಂತ.

ಐದನೇ ಮಹಡಿಯಲ್ಲಿ ಗಿಟಾರ್ ಮೇಷ್ಟ್ರೊಬ್ಬರ ಕ್ಲಾಸು. ಅಲ್ಲಿ ಬಾಗಿಲು ತೆಗೆದಾಗಲೆಲ್ಲ ಇವರಿಗೊಂದು ಹಾಡು ಕೇಳಿಸುತ್ತಿತ್ತು. ರಾಕ್ ಹಾಡಂತೆ. ರಾಕ್ ಎಂದರೆ ತಲೆ ಕೆದರಿಕೊಂಡು ಕಿರುಚುವುದು ಎಂದುಕೊಂಡಿದ್ದೆ ನಾನು. ಇದು ಹಾಗಲ್ಲ, ಮಗುವಿನ ಬೆನ್ನು ತಟ್ಟಿದ ಹಾಗೆ ನಿಧಾನ, ಮೆತ್ತಗೆ. ಬಾಗಿಲು ಎಳೆದರೆ ಹಾಡು ಅಷ್ಟಕ್ಕೇ ಕಟ್. ವರ್ಷಗಟ್ಟಲೆ ಚೂರುಚೂರೇ ಕೇಳಿ ಕೇಳಿ, ಒಂದು ದಿನ ತಡೆಯಲಾರದೆ ಮೇಷ್ಟ್ರನ್ನು ಕೇಳಿಯೇಬಿಟ್ಟರು: "ಸಾರ್, ಅದು ಮುಗಿಯೋದು ಹೇಗೆ?"

"ಹೇಳಿದ್ರೆ ಏನ್ ಗೊತ್ತಾಗುತ್ತೆ? ನೀವೇ ನುಡಿಸಿ ನೋಡಿ" ಎಂದು ಮೇಷ್ಟ್ರು ತಮ್ಮ ಹಳೇ ಗಿಟಾರನ್ನೇ ತಂದುಕೊಟ್ಟರು. ಒಳ್ಳೆಯ ಮನುಷ್ಯ. ಆದರೆ ಕ್ಲಾಸಿಗೆ ಹೋಗಿ ಕೂರಲು ಇವರಿಗೆ ಬಿಡುವೆಲ್ಲಿ? ಪಾಠವೇ ಲಿಫ್ಟಿನೊಳಗೆ ಬಂತು. ಬೆಳಿಗ್ಗೆ ಮೇಷ್ಟ್ರು ನೆಲಮಹಡಿಯಲ್ಲಿ ಹತ್ತುತ್ತಿದ್ದರು. ಇವರು ಬಾಗಿಲೆಳೆದು, ಗುಂಡಿ ಒತ್ತಿ, ಗಿಟಾರನ್ನು ತೊಡೆಗೇರಿಸಿಕೊಳ್ಳುತ್ತಿದ್ದರು. ಹೆಬ್ಬೆರಳು ಮೇಲಿನ ದಪ್ಪ ತಂತಿಗೆ, ಉಳಿದ ಮೂರು ಬೆರಳು ಕೆಳಗಿನ ಮೂರು ಸಣ್ಣ ತಂತಿಗೆ. ಮೊದಲು ಹೆಬ್ಬೆರಳು, ಆಮೇಲೆ ಒಂದು, ಎರಡು, ಮೂರು. ಆ ಮುದಿ ಲಿಫ್ಟು ತೆವಳಿಕೊಂಡು ಐದನೇ ಮಹಡಿ ಮುಟ್ಟಲು ನಲವತ್ತು ಸೆಕೆಂಡು. ಪಾಠ ಅಷ್ಟೇ. ಹನ್ನೊಂದಕ್ಕೆ ಮ್ಯಾನೇಜರ್ ಬರುವ ಹೊತ್ತಿಗೆ ಗಿಟಾರ್ ಬಟ್ಟೆ ಹೊದ್ದುಕೊಂಡು ಸ್ಟೂಲಿನ ಹಿಂದೆ ನಿಂತಿರಬೇಕು.

ಎರಡು ವರ್ಷ ಹೀಗೇ ನಡೆಯಿತು. ಹಾಡಿನ ಮುಂದಿನ ಭಾಗವನ್ನು ಮೇಷ್ಟ್ರು ಹಾಳೆಯಲ್ಲಿ ಬರೆದುಕೊಟ್ಟರು, ಅದನ್ನು ಇವರು ರಾತ್ರಿ ಗಿಟಾರನ್ನು ಮನೆಗೆ ತಂದು ಕಲಿತರು. ಮೊದಲರ್ಧ ಬರುತ್ತಿತ್ತು, ಎರಡನೇ ಅರ್ಧವೂ ಬರುತ್ತಿತ್ತು. ಎರಡನ್ನೂ ಸೇರಿಸಿ ನುಡಿಸಲು ಕೂತರೆ ಮಾತ್ರ ನಲವತ್ತು ಸೆಕೆಂಡಿಗೆ ಸರಿಯಾಗಿ ಬಲಗೈ ತಂತಿ ಬಿಟ್ಟು ಮುಂದಕ್ಕೆ ಚಾಚುತ್ತಿತ್ತು, ಅಲ್ಲಿಲ್ಲದ ಬಾಗಿಲನ್ನು ಎಳೆದು ತೆಗೆಯುತ್ತಿತ್ತು.

ಮೊದಲ ಸಲ ಬಿದ್ದು ಬಿದ್ದು ನಕ್ಕೆ. "ಏನ್ರೀ, ಯಾರು ಇಳೀಬೇಕಿತ್ತು?"

ಇವರು ನಗಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದರು. ಮತ್ತೆ ಅಲ್ಲೇ ಕೈ ಹೋಯಿತು. ಮಣಿಕಟ್ಟು ಹಿಡಿದುಕೊಂಡು ನೋಡಿದೆ, ನನ್ನನ್ನೂ ಸೇರಿಸಿಯೇ ಎಳೆಯಿತು. ಹತ್ತನೇ ಸಲಕ್ಕೆ ಗಿಟಾರ್ ಕೆಳಗಿಟ್ಟು, "ಮನೇಗ್ ಬಂದ್ರೂ ನಾನು ಅದರೊಳಗೇ ಇದೀನಿ ಕಣೇ" ಎಂದರು. ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಷ್ಟರಲ್ಲಿ ಮೇಷ್ಟ್ರು ಕ್ಲಾಸು ಮುಚ್ಚಿ ಮಗಳ ಊರಿಗೆ ಹೊರಟುನಿಂತರು. ಕೊನೆಗೊಂದು ಶನಿವಾರ ಸಂಜೆ ಐದನೇ ಮಹಡಿಯಲ್ಲೇ ಕಾರ್ಯಕ್ರಮ. "ನೀವೂ ನುಡಿಸ್ತೀರಿ. ಪೂರ್ತಿ. ನಾನು ಹೋಗೋದ್ರೊಳಗೆ ಒಂದ್ಸಲ ಕೇಳ್ಬೇಕು" ಎಂದರು. ಮ್ಯಾನೇಜರಿಗೆ ಹೇಳಿದರೆ, "ನೀನು ಅಲ್ಲಿ ಹೋಗಿ ಕೂತ್ರೆ ಜನ ಏನು ಹಾರ್ಕೊಂಡು ಹೋಗ್ತಾರಾ? ಹತ್ತು ನಿಮಿಷ, ಅಷ್ಟೇ" ಎಂದನಂತೆ. ಅವನ ನಾಲಿಗೆಗಿಷ್ಟು ಬೆಂಕಿ ಹಾಕ!

ಅವತ್ತು ಬಂದ ಜನರನ್ನೆಲ್ಲ ಮೇಲಕ್ಕೆ ಮುಟ್ಟಿಸಿ, ಅದೇ ಖಾಕಿ ಬಟ್ಟೆಯಲ್ಲಿ ಇವರು ಕುರ್ಚಿಯ ಮೇಲೆ ಕೂತರು. ಮೇಷ್ಟ್ರ ಪಕ್ಕದಲ್ಲಿ ನಾನು. ಹೆಬ್ಬೆರಳು, ಒಂದು, ಎರಡು, ಮೂರು. ಎಷ್ಟು ಚೆನ್ನಾಗಿ ನುಡಿಸಿದರೆಂದರೆ ಕೆಮ್ಮುವವರೂ ಕೆಮ್ಮು ತಡೆದುಕೊಂಡರು. ನಾನೊಬ್ಬಳೇ ಕೇಳುತ್ತಿರಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದೆ. ಮೂವತ್ತೆಂಟು, ಮೂವತ್ತೊಂಬತ್ತು. ಬಲಗೈ ತಂತಿ ಬಿಟ್ಟಿತು. ಅಷ್ಟು ಜನರೆದುರು ಗಾಳಿಯಲ್ಲಿ ಚಾಚಿ ನಿಂತಿತು. ಇವರು ಅದನ್ನೇ ನೋಡುತ್ತ ಕೂತರು. ಹಿಂದಿನಿಂದ ಯಾರೋ ಕಿಸಕ್ಕೆಂದರು.

ನನಗೆ ಏನಾಯಿತೋ ಕಾಣೆ. ಎದ್ದು ನಿಂತು, ಲಿಫ್ಟ್ ಹತ್ತಿದವರು ಕೂಗಿ ಹೇಳುವಂತೆ ಹೇಳಿದೆ: "ಆರು!"

ಆ ಕಟ್ಟಡಕ್ಕೆ ಆರನೇ ಮಹಡಿಯೇ ಇಲ್ಲ. ಇವರು ನನ್ನ ಮುಖ ನೋಡಿದರು. ಇಪ್ಪತ್ತಾರು ವರ್ಷದಿಂದ ಯಾರು ಯಾವ ಮಹಡಿ ಹೇಳಿದರೂ ಇಲ್ಲವೆಂದವರಲ್ಲ. ಕೈ ಹಿಂದಕ್ಕೆ ಬಂತು. ಹೆಬ್ಬೆರಳು ದಪ್ಪ ತಂತಿಯನ್ನು ಹುಡುಕಿಕೊಂಡಿತು. ಅಲ್ಲಿಂದ ಕೊನೆಯವರೆಗೆ ಎಲ್ಲೂ ನಿಲ್ಲಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಚಪ್ಪಾಳೆ ನಿಲ್ಲುವ ಮೊದಲೇ ಗಂಟೆ ಹೊಡೆಯಿತು. ಇವರು ಗಿಟಾರನ್ನು ನನ್ನ ಕೈಗೆ ಕೊಟ್ಟು ಎದ್ದವರೇ, "ಕೆಳಗೆ ಹೋಗೋರು ಬನ್ನಿ" ಎಂದರು. ಇನ್ನೂ ಒಂದು ನಿಮಿಷ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು! ಸಿಡುಕುತ್ತಲೇ ನಾನೂ ಹತ್ತಿದೆ. ಆರು ಜನ ಒತ್ತಿಕೊಂಡು ನಿಂತೆವು. ಬಾಗಿಲೆಳೆದರು, ಗುಂಡಿ ಒತ್ತಿದರು, ಸ್ಟೂಲಿನ ಮೇಲೆ ಕೂತರು. ಲಿಫ್ಟು ಇಳಿಯತೊಡಗಿತು.

ನೆಲಮಹಡಿ ಬಂತು. ಬಾಗಿಲು ತೆರೆಯಲಿಲ್ಲ. ನೋಡುತ್ತೇನೆ, ಇವರ ಬಲಗೈ ತೊಡೆಯ ಮೇಲೇ ಇದೆ. ಹೆಬ್ಬೆರಳು, ಒಂದು, ಎರಡು, ಮೂರು.

"ಏನ್ರೀ, ಬಾಗಿಲು ತೆಗೀರಿ" ಎಂದು ಒಬ್ಬರು ಗೊಣಗಿದರು.

"ಸ್ವಲ್ಪ ಇರ್ರೀ" ಎಂದೆ ನಾನು, "ಹಾಡು ಮುಗೀಲಿ."