ಆರುನೂರು ಕಿಲೋಮೀಟರ್ ಮೇಲಿನ ಉಪಗ್ರಹ

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ನಾನು ಪುತ್ತೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ಸಿಇಟಿಗೆ ಒಂದು ವಾರ ಇರುವಾಗ ಅದೇ ಪೇಟೆಯ ದರ್ಬೆಯ ಸಭಾಂಗಣವೊಂದರಲ್ಲಿ ಸುಳ್ಯ, ಕಡಬದ ಮಕ್ಕಳನ್ನೂ ಸೇರಿಸಿ ತಯಾರಿ ಶಿಬಿರ ನಡೆಯಿತು. ನಡೆಸಿದವನು ಸದಾನಂದ. ನನಗಿಂತ ಕಿರಿಯ; ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ನನ್ನ ಬುತ್ತಿಯ ಚಟ್ನಿಗೆ ಕೇಳದೆ ಕೈ ಹಾಕಿದ ಗೆಳೆಯ.

ಉಪಗ್ರಹದ ಪಾಠಕ್ಕೆ ನನ್ನದೊಂದು ಕ್ರಮವಿತ್ತು. ಖಾಲಿ ಪೆನ್ನಿನ ಕೊಳವೆಯಲ್ಲಿ ದಾರ ತೂರಿಸಿ, ತುದಿಗೆ ಸುಲಿಯದ ಅಡಿಕೆ ಕಟ್ಟಿ ಗರಗರ ತಿರುಗಿಸುವುದು. ದಾರದ ಎಳೆತವೇ ಗುರುತ್ವ. ದಾರ ಬಿಟ್ಟರೆ ಅಡಿಕೆ ನೇರ ಕಿಟಕಿಗೆ. "ಉಪಗ್ರಹವೂ ಬೀಳ್ತಾನೇ ಇರ್ತದೆ ಮಕ್ಕಳೇ, ಆದರೆ ಅಡ್ಡಕ್ಕೆ ಅಷ್ಟು ಜೋರು ಓಡುದರಿಂದ ನೆಲ ಸಿಗುದಿಲ್ಲ" ಎನ್ನುತ್ತಿದ್ದೆ. ಇದೆಲ್ಲ ಚಿತ್ರ ಸಮೇತ ನನ್ನ ನೋಟ್ ಪುಸ್ತಕದಲ್ಲಿತ್ತು. "ಎರಡು ದಿನಕ್ಕೆ ಕೊಡಿ ಭಟ್ರೆ" ಎಂದು ಸದಾನಂದ ಕೊಂಡೊಯ್ದು ಒಂದು ಮಳೆಗಾಲವೇ ಕಳೆದಿತ್ತು.

ಶಿಬಿರದಲ್ಲಿ ಅವನ ಹೊಸ ಗೈಡ್ ಹಂಚಿದರು. ತೆರೆದರೆ ನನ್ನ ಅಡಿಕೆ, ನನ್ನ ಪೆನ್ನು. ಅಡಿಕೆಯ ತೊಟ್ಟನ್ನೂ ನಾನು ಬರೆದ ಹಾಗೇ ಎಡಕ್ಕೆ ವಾಲಿಸಿದ್ದ.

"ಇದು ನನ್ನ ಇಪ್ಪತ್ತು ವರ್ಷದ ತಪಸ್ಸು" ಎಂದ ಮೈಕಿನಲ್ಲಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈಗೆ ಅಭ್ಯಾಸ ನೋಡಿ.

ಆಗ ಗುಂಡ್ಯ ಕಡೆಯ ಹುಡುಗಿಯೊಬ್ಬಳು ಎದ್ದಳು. "ಸರ್, ಆರುನೂರು ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಸೆಕೆಂಡಿಗೆ 25.8 ಕಿಲೋಮೀಟರ್ ವೇಗ ಅಂತ ಉಂಟು. 11.2 ಇದ್ದರೆ ಭೂಮಿಯನ್ನೇ ಬಿಟ್ಟು ಹೋಗ್ತದಲ್ಲ? ಮತ್ತೆ ಇದು ಸುತ್ತುದು ಹೇಗೆ?"

ನಾನು ಗೈಡಿನ ಆ ಪುಟ ತಿರುಗಿಸಿದೆ. ತಪ್ಪು ನನ್ನದೇ. ವೇಗದ ಸೂತ್ರದಲ್ಲಿ r ಎಂದರೆ ಭೂಮಿಯ ಕೇಂದ್ರದಿಂದ ಇರುವ ದೂರ. 600ಕ್ಕೆ ಭೂಮಿಯ ತ್ರಿಜ್ಯ 6,400 ಕೂಡಿಸಿ 7,000 ಹಾಕಬೇಕು. ಮರದ ಎತ್ತರವನ್ನು ಬುಡದಿಂದ ಅಳೆಯುವ ಊರಿನವ ನಾನು, ಯಾವಾಗಲೋ ಅವಸರದಲ್ಲಿ ನೆಲದಿಂದಲೇ ಅಳೆದು ಬರೆದಿದ್ದೆ. ತರಗತಿಯಲ್ಲಿ ಬಾಯಿಮಾತಿನಲ್ಲಿ ಸರಿಪಡಿಸುತ್ತಿದ್ದೆ. ಪುಸ್ತಕದಲ್ಲಿ ತಿದ್ದಿರಲಿಲ್ಲ.

ಸದಾನಂದ ಪುಟ ನೋಡಿದ, ಆಮೇಲೆ ನನ್ನನ್ನು ನೋಡಿದ. "ಆ ಲೆಕ್ಕ ಮಾತ್ರ ನಮ್ಮ ಭಟ್ರ ನೋಟ್ಸಿನದ್ದು. ಅವರನ್ನೇ ಕೇಳು ಮಗಾ."

ಆ ಲೆಕ್ಕ ಮಾತ್ರ! ಸಭೆಗೆ ಸಭೆಯೇ ನನ್ನತ್ತ ತಿರುಗಿತು. ಕದ್ದದ್ದೆಂದು ಕೂಗಬಹುದಿತ್ತು. ಆದರೆ ಆಗ ಮಕ್ಕಳು ಜಗಳವನ್ನು ನೆನಪಿಟ್ಟುಕೊಂಡು, ತಪ್ಪನ್ನು ಪರೀಕ್ಷೆಗೆ ಹೊತ್ತೊಯ್ಯುತ್ತಿದ್ದರು. ಎದ್ದು ಹೋಗಿ ಚಾಕ್ ಹಿಡಿದೆ.

"ತಪ್ಪು ನನ್ನದು. ಸರಿಯಾದ ಉತ್ತರ ಸುಮಾರು 7.5. ಎಲ್ಲರೂ ಗೈಡಿನಲ್ಲೇ ತಿದ್ದಿಕೊಳ್ಳಿ" ಎಂದು ಹಲಗೆಯ ಮೇಲೆ ಮಾಡಿ ತೋರಿಸಿದೆ. ಹುಡುಗಿ ಮೊದಲು ತಿದ್ದಿದಳು.

ಹೊರಗೆ ಸದಾನಂದ ಹೆಗಲ ಮೇಲೆ ಕೈ ಇಟ್ಟ. "ಎಂತ, ಬೇಜಾರಾ? ನಿಮ್ಮ ಹೆಸರು ಹೇಳಿದೆನಲ್ಲ ಮಾರಾಯ್ರೆ!"

"ಅಡಿಕೆಗೂ ಹೇಳಬಹುದಿತ್ತು ಸದಾನಂದ. ಪುಸ್ತಕ ಕೊಡು."

ಮರುದಿನ ಪ್ಯೂನ್ ಕೈಯಲ್ಲಿ ಕಳಿಸಿದ. ನಿವೃತ್ತಿಯವರೆಗೂ ನಾವು ಬುತ್ತಿ ಬಿಚ್ಚಿದ್ದು ಬೇರೆ ಬೇರೆ ಮೇಜಿನಲ್ಲಿ.

ಉದ್ಯೋಗ ಕಲಿಸಿದ್ದು ಇಷ್ಟು: ಗೊತ್ತಿದ್ದೂ ತಿದ್ದದ ತಪ್ಪು ಒಂದು ದಿನ ಮಕ್ಕಳ ಕೈ ಸೇರುತ್ತದೆ. ಪುಸ್ತಕ ಬಂದ ದಿನವೇ ಆ ಪುಟದಲ್ಲಿ ಕೆಂಪು ಶಾಯಿಯಿಂದ 600 ಹೊಡೆದುಹಾಕಿ 7,000 ಬರೆದೆ. ಅಡಿಕೆಯ ಚಿತ್ರವನ್ನು ಮುಟ್ಟಲಿಲ್ಲ. ಅದು ಸರಿಯಾಗಿಯೇ ಇತ್ತು.