ತೆರೆಯ ಮೇಲಿನ ಅರವತ್ತು

ನೀಲಗಂಗವ್ವನ ಕೈಗೊಂದು ಚಟವಿತ್ತು. ಮದುವೆಮನೆಯಲ್ಲಿ ಯಾರಾದರೂ ಕುಶಲ ಕೇಳುತ್ತ ಕೈ ಹಿಡಿದರೆ ಸಾಕು, ಅವಳ ಬೆರಳು ತಾನಾಗಿ ಅವರ ಮಣಿಕಟ್ಟಿಗೆ ಜಾರಿ ನಾಡಿ ಹುಡುಕುತ್ತಿತ್ತು. ನೀಲಕ್ಕನ ಕೈಗೆ ಸಿಕ್ಕರೆ ಗಟ್ಟಿಮುಟ್ಟಾಗಿರುವವರಿಗೂ ಜ್ವರ ಬಂದೀತು ಎಂದು ನೆಂಟರು ಕಿಚಾಯಿಸುತ್ತಿದ್ದರು. ಶಿರಸಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಅರ್ಧ ಆಯುಷ್ಯ ಸವೆಸಿದ ನರ್ಸು ಅವಳು. ನಾಡಿ, ಉಸಿರು, ಬಿಪಿ ಎಲ್ಲವನ್ನೂ ಮುಟ್ಟಿ ನೋಡಿಯೇ ಬರೆದವಳು.

ಆಮೇಲೆ ಹೊಸ ಮಾನಿಟರುಗಳು ಬಂದವು. ಅವೇ ಅಳೆದು ಅವೇ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತವೆ. ಮೊದಮೊದಲು ನೀಲಕ್ಕ ಮೂಗು ಮುರಿದಳು, ಯಂತ್ರದ ಜೊತೆಗೆ ತಾನೂ ಎಣಿಸಿದಳು. ಎರಡೂ ತಾಳೆಯಾಗುತ್ತಲೇ ಇದ್ದವು. ಮೊಣಕಾಲು ನೋವು ಬೇರೆ. ಆ ರೂಢಿ ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಹೆಗಡೆಕಟ್ಟಾ ಊರಿನ ದೇವರು ಹೆಗಡೆಯವರು ಊಟಕ್ಕೆ ಕೂತಲ್ಲೇ ಕುಸಿದು, ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದರು. ತಂಬುಳಿಗೆ ಉಪ್ಪು ಜಾಸ್ತಿಯೆಂದು ಅವರು ಸಿಡುಕಿದ್ದಕ್ಕೆ ಹೆಂಡತಿ ಲಕ್ಷ್ಮಕ್ಕ, ಇನ್ನು ನಿಮಗೆ ಬಡಿಸುವುದೇ ಇಲ್ಲ ಎಂದುಬಿಟ್ಟಿದ್ದಳು. ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು, ಅದು ಅವರ ಕಿವಿಗೆ ಬೀಳಬೇಕು, ಅದೊಂದೇ ಅವಳ ಹಂಬಲ. ಮಧ್ಯಾಹ್ನ ಒಳಗೆ ಬಿಟ್ಟಾಗ ಗಂಡನ ಕೈ ಹಿಡಿದವಳು, ತಣ್ಣಗಿದೆಯಲ್ಲ ಎಂದು ಗಾಬರಿಯಾದಳು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕಿದ ಕ್ಲಿಪ್ಪಿನ ಅಲಾರಾಂ ಕೂಗುತ್ತಿತ್ತು. ಎಸಿಗೆ ಕೈ ತಣ್ಣಗಾದರೆ ಅದು ದಿನಾ ಕೂಗುವಂಥದ್ದೇ. ನೀಲಕ್ಕ ಬಾಗಿಲಲ್ಲೇ ನಿಂತು ಮಾನಿಟರಿನ ತೆರೆಯತ್ತ ಕೈ ತೋರಿಸಿದಳು. ಎದೆಬಡಿತ ಅರವತ್ತು.

"ಹೆದರಬ್ಯಾಡ್ರಿ, ಯಜಮಾನ್ರು ಅದಾರ. ಮಾತಾಡ್ರಿ."

ಲಕ್ಷ್ಮಕ್ಕ ಬಾಗಿ ಗಂಡನ ಕಿವಿಯಲ್ಲಿ ಮಾತಾಡತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ನೀಲಕ್ಕ ಕ್ಲಿಪ್ಪು ಸರಿಮಾಡಲು ಹೋದಳು. ಬೆರಳು ಹಳೆಯ ಚಟದಂತೆ ಮಣಿಕಟ್ಟಿಗೆ ಜಾರಿತು. ಏನೂ ಇಲ್ಲ. ಕುತ್ತಿಗೆಯಲ್ಲಿ ನೋಡಿದಳು, ಅಲ್ಲೂ ಇಲ್ಲ. ಎದೆ ಏಳುತ್ತಿಲ್ಲ. ತೆರೆಯ ಮೇಲೆ ಮಾತ್ರ ಅರವತ್ತು, ಮತ್ತೆ ಅರವತ್ತು. ಜೀವವಿರುವ ಎದೆ ಇಷ್ಟು ಶಿಸ್ತಾಗಿ ಬಡಿಯುವುದಿಲ್ಲ. ಅವಳು ಡಾಕ್ಟರನ್ನು ಕೂಗಿದಳು.

ಡಾಕ್ಟರು ಓಡಿಬಂದು ಎದೆ ಒತ್ತಿದರು, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ತಡವಾಗಿತ್ತು. ಹೆಗಡೆಯವರ ಎದೆಯ ಚರ್ಮದಡಿ ಹಿಂದೆಯೇ ಕೂರಿಸಿದ್ದ ಪೇಸ್‌ಮೇಕರು ತನ್ನ ಪಾಡಿಗೆ ವಿದ್ಯುತ್ ಮಿಡಿತ ಕೊಡುತ್ತಲೇ ಇದೆ, ಮಾನಿಟರು ಅದನ್ನೇ ಎದೆಬಡಿತವೆಂದು ಬರೆದುಕೊಂಡಿದೆ, ಜೀವ ಹೋಗಿ ಎಷ್ಟು ಹೊತ್ತಾಯಿತೋ ಹೇಳಲಾಗದು ಎಂದು ಮೆಲ್ಲಗೆ ತಿಳಿಸಿದರು.

ನೀಲಕ್ಕನಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಹೆಣದ ಕಿವಿಯಲ್ಲಿ ಮಾತಾಡು ಎಂದು ಕೂರಿಸಿದವಳು ತಾನೇ. ಲಕ್ಷ್ಮಕ್ಕನ ಮುಖ ನೋಡಲಾರದೆ ಯಂತ್ರದ ಸ್ವಿಚ್ಚಿಗೆ ಕೈ ಹಾಕಿದಳು. ಲಕ್ಷ್ಮಕ್ಕ ಆ ಕೈಯನ್ನು ಗಟ್ಟಿಯಾಗಿ ಹಿಡಿದು ತಡೆದಳು. ಅವಳ ಕಣ್ಣು ಹಸಿರು ಅಂಕಿಯ ಮೇಲೇ ನೆಟ್ಟಿತ್ತು.

"ಬ್ಯಾಡ, ಬಂದ್ ಮಾಡಡಿ ಸಿಸ್ಟರ್. ಆನು ಹೇಳದು ಇನ್ನೂ ಮುಗದ್ದಿಲ್ಲೆ."

ಹಾಗೆಂದು ಗಂಡನ ಕಿವಿಗೆ ಬಾಗಿ ಮೊದಲಿನಿಂದ ಶುರುಮಾಡಿದಳು. ನೀಲಕ್ಕ ಸ್ವಿಚ್ಚಿನಿಂದ ಕೈ ತೆಗೆದಳು.